ಆರನೆಯ ಕಾಲಂ

ಶಾಮಿಯಾನದ ಕೆಳಗೆ ನನ್ನದೊಂದು ಮೇಜು,
ಗಿಡ್ಡ ಕಾಲಿಗೆ ಮಡಚಿಟ್ಟ ಹಳೇ ಗೆಜೆಟ್ಟು.
ಕಾಳಿ ಹೊಳೆ ಕಡಲಿಗೆ ಸೇರುವಲ್ಲಿ
ಹೂಳೆತ್ತಿ ದಕ್ಕೆ ಕಟ್ಟುವ ಬಗ್ಗೆ ಸಾರ್ವಜನಿಕ ಅಹವಾಲು.
ನಾನು ಕಾರವಾರದ ಕಚೇರಿಯ ಶೀಘ್ರಲಿಪಿಕಾರ.
ನಮೂನೆಯ ಆರನೆಯ ಕಾಲಂ:
ಆಕ್ಷೇಪದ ಸ್ವರೂಪ. ಧಾರ್ಮಿಕ, ರಾಜಕೀಯ, ಇತರೆ.
ಒಂದಕ್ಕೆ ಮಾತ್ರ ಗುರುತು ಹಾಕತಕ್ಕದ್ದು.

ಮೊದಲು ಎದ್ದದ್ದು ಗುತ್ತಿಗೆದಾರ ಉಲ್ಲಾಸ ಬಾಂದೇಕರ:
"ಇದೊಂದು ಹೊಸ ಮತ ಸ್ವಾಮೀ.
ಕಾಂಡ್ಲಾ ಗಿಡವೇ ಇವರ ತುಳಸಿ,
ಹವಾಮಾನದ ವರದಿಯೇ ಪಂಚಾಂಗ,
ಪ್ರಳಯಕ್ಕೆ ಇಸವಿ ಸಮೇತ ಮುಹೂರ್ತ!
ಯಾಕೆ ಎಂದು ಕೇಳಿದವ ಪಾಷಂಡಿ."
ಜನ ನಕ್ಕರು. ನಾನೂ ನಕ್ಕೆ, ಪೆನ್ಸಿಲು ನಿಲ್ಲಿಸದೆ.

ಬಲೆ ಹೆಣೆಯುವ ಇನಾಸ್ ಫರ್ನಾಂಡಿಸ್ ಕೂತಲ್ಲಿಂದಲೇ:
"ಹೌದು, ನಮ್ಮ ಪಾದ್ರಿ ಕೂಡ ಇಷ್ಟು ನರಕ ತೋರಿಸಲಿಲ್ಲ.
ಆದರೆ ಪಾಪ ಕೇಳಿಸಿಕೊಂಡು ಮನೆಗೆ ಬಿಡ್ತಿದ್ದರು."

"ಮತವೂ ಅಲ್ಲ ಮಣ್ಣೂ ಅಲ್ಲ, ಇದು ಮತದ ಲೆಕ್ಕ,"
ಪಂಚಾಯ್ತಿ ಸದಸ್ಯರು ಕೂಗಿದರು,
"ಇವರ ಹಿಂದೆ ಯಾವ ಪಕ್ಷ ಇದೆ, ನನಗೆ ಗೊತ್ತು."
ಮತ, ಮತ.
ದೇವರ ಹೆಸರಲ್ಲಿ ಹಿಡಿಯುವುದೂ ಅದೇ,
ಪೆಟ್ಟಿಗೆಗೆ ಹಾಕಿ ಬರುವುದೂ ಅದೇ.
ನನ್ನ ಶೀಘ್ರಲಿಪಿಯಲ್ಲಿ ಎರಡಕ್ಕೂ ಒಂದೇ ಗೀಟು.

ರೋಶನಿ ತಾಂಡೇಲಳ ಕೈಲಿ ಫೈಲು.
"ನಂಬಿಕೆಯಲ್ಲ, ಲೆಕ್ಕ," ಎಂದಳು. ಅಂಕಿಗಳನ್ನು ಓದಿದಳು,
ಉಪ್ಪು ಇಷ್ಟು, ಆಮ್ಲಜನಕ ಇಷ್ಟು, ಮೊಟ್ಟೆ ಇಷ್ಟು.
ಒಂದು ದಶಾಂಶದ ನಂತರ ಗಂಟಲು ಕಟ್ಟಿತು.
ಲೆಕ್ಕಕ್ಕೆ ಯಾರಾದರೂ ಅಳುತ್ತಾರೆಯೆ?
ಬರೆದುಕೊಳ್ಳಲು ಅದಕ್ಕೆ ಗೀಟು ಇರಲಿಲ್ಲ.

ನನ್ನದನ್ನೂ ಹೇಳಿಬಿಡುತ್ತೇನೆ.
ಮೂರು ವರ್ಷದಿಂದ ಬಟ್ಟೆಚೀಲ ಹಿಡಿದು ಸಂತೆಗೆ ಹೋಗುವವ ನಾನು.
ಪ್ಲಾಸ್ಟಿಕ್ ಕೊಟ್ಟೆ ಹಿಡಿದವರನ್ನು ಕಂಡರೆ
ಏಕಾದಶಿ ದಿನ ಈರುಳ್ಳಿ ತಿಂದವರನ್ನು ಕಂಡ ಹಾಗೆ ಮುಖ.
ಹೆಂಡತಿ ಹೇಳುತ್ತಾಳೆ: "ಅತ್ತೆಯ ಮಡಿ ಮುಗಿಯಿತು ಅಂದುಕೊಂಡೆ,
ನಿಮ್ಮದು ಶುರುವಾಯಿತು.
ಹಸಿಕಸ ಮುಟ್ಟಿದ ಕೈಲಿ ಒಣಕಸ ಮುಟ್ಟಿದರೆ ಮೈಲಿಗೆ!"
ನೆಟ್ಟ ಸಸಿಯ ಪಕ್ಕ ನಿಂತು ತೆಗೆಸಿದ ಫೋಟೋವನ್ನು
ಪ್ರಸಾದದ ಹಾಗೆ ಹಂಚಿದ್ದೇನೆ. ಸಸಿ ಈಗ ಎಲ್ಲಿದೆಯೋ.

ಮಧ್ಯಾಹ್ನ ಇಳಿತದ ಹೊತ್ತು. ಹೊನ್ನಿ ಅಂಬಿಗ
ಮೈಕನ್ನು ಏಡಿ ಹಿಡಿದಂತೆ ದೂರ ಹಿಡಿದು ನಿಂತಳು.
"ನಂಗೆ ಓದುಕೆ ಬರೂದಿಲ್ಲ ಒಡೆಯಾ.
ಬಳಚು ಆರ್ಸೂದು ಗೊತ್ತು.
ಉಗುರಿಗಿಂತ ಸಣ್ಣದು ಬಿಟ್ಟು ಬರ್ಬೇಕು ಅಂತಿತ್ತು ಅವ್ವಿ.
ಬಿಡ್ಲಿಲ್ಲ ನಾವು. ಹೋದ್ವರ್ಷ ರೇಟು ಬಂತು,
ಸಣ್ಣದೂ ಬಾಚ್ದ್ವಿ. ಹೊಳೆ ಎಂತದೂ ಹೇಳ್ಲಿಲ್ಲ.
ಈ ವರ್ಷ ಕೈ ಹಾಕಿದ್ರೆ ಬರೀ ರಾಡಿ.
ಕಾಯಿ ಒಡ್ದೆ, ಬರ್ಲಿಲ್ಲ. ಓಟು ಹಾಕ್ದೆ, ಬರ್ಲಿಲ್ಲ.
ತಪ್ಪಾಯ್ತು ಅನ್ನುಕೆ ಅಲ್ಲಿ ಯಾರೂ ಇಲ್ಲ."

"ನೀನು ಪರವೋ ವಿರೋಧವೋ ಹೇಳು," ಎಂದರು ಅಧಿಕಾರಿ.
"ಬ್ಯಾಡ. ನಾವು ತೆಗ್ದದ್ದೇ ಸಾಕು."

ಅಧಿಕಾರಿ ನನ್ನ ಕಡೆ ಬಾಗಿ ಪಿಸುಗುಟ್ಟಿದರು:
"ಅದೆಲ್ಲ ಬೇಡ. ಇತರೆ ಅಂತ ಹಾಕಿ."
ಇತರೆಯ ಮುಂದಿನ ಜಾಗ ಅರ್ಧ ಇಂಚು.
ಅಷ್ಟರಲ್ಲಿ ಯಾರೂ ಇಲ್ಲ ಎಂದು ಬರೆದೆ,
ಬರೆದದ್ದು ಹೆಸರಿನ ಹಾಗೆ ಕಂಡಿತು. ಹೊಡೆದು ಹಾಕಿದೆ.

ಸಂಜೆ ಮನೆಗೆ ಬಂದರೆ ಬಳಚಿನ ಸುಕ್ಕೆಯ ಘಮ.
ಈ ಹೊಳೆಯದಲ್ಲವಂತೆ, ಕುಮಟೆ ಕಡೆಯದಂತೆ,
ಮಾರುವವಳು ಆಣೆ ಹಾಕಿದಳಂತೆ.
ತಟ್ಟೆಯಿಂದ ಒಂದು ಚಿಪ್ಪು ಎತ್ತಿ
ಹೆಬ್ಬೆರಳ ಉಗುರಿನ ಪಕ್ಕ ಹಿಡಿದು ನೋಡಿದೆ.
"ಏನು, ಮಂತ್ರವೋ?" ಎಂದಳು ಹೆಂಡತಿ.
ಚಿಕ್ಕದಿತ್ತು.
ಕೊಬ್ಬರಿ ಹದವಾಗಿ ಹುರಿದಿತ್ತು, ಹುಳಿ ಸರಿಯಾಗಿ ಹಿಡಿದಿತ್ತು.
ಇನ್ನೊಂದು ಸಲ ಬಡಿಸಿಕೊಂಡೆ.