ದೀಪ ದೊಡ್ಡದು ಮಾಡು

ದೀಪ ಆರಿಸು ಅಂದವಳಲ್ಲ ನಮ್ಮವ್ವ ಎಂದೂ.
ದೊಡ್ಡದು ಮಾಡಪ್ಪ, ಅನ್ನುತ್ತಿದ್ದಳು ಮಲಗುವ ಹೊತ್ತಿಗೆ.
ನಾನು ಲಾಟೀನಿನ ತಿರುಪು ಇಳಿಸುತ್ತಿದ್ದೆ.
ಕತ್ತಲೆ ನಾಲ್ಕೂ ಗೋಡೆಗಳನ್ನು ಆಚೆ ತಳ್ಳಿ
ಒಂದೇ ಕೋಣೆಯ ಮನೆಯನ್ನು
ನಿಜಕ್ಕೂ ದೊಡ್ಡದು ಮಾಡುತ್ತಿತ್ತು.

ಈಗ ಗೊರಗುಂಟೆಪಾಳ್ಯದ ಸಿಗ್ನಲ್ಲಿನೆದುರು
ನಲವತ್ತಡಿ ಅಗಲ, ಇಪ್ಪತ್ತಡಿ ಎತ್ತರದ ಪರದೆ.
ಅದರ ಬೆನ್ನಿಗೆ ಕಬ್ಬಿಣದ ಏಣಿ, ಏಣಿಯ ತುದಿಗೆ ನಾನು.
ಸಾಹೇಬರ ಫೋನು: "ಸಂಪಂಗಿ, ದೊಡ್ಡದು ಮಾಡೋ,
ಆಚೆ ಬದಿ ಪರದೆ ನಮ್ಮದಕ್ಕಿಂತ ಬೆಳ್ಳಗಿದೆಯಂತೆ,
ಪಾರ್ಟಿ ಕೇಳ್ತಾ ಇದಾರೆ."
ಇಲ್ಲಿ ದೊಡ್ಡದು ಅಂದರೆ
ದೊಡ್ಡದೇ.

ಮುಂದೆ ನಿಂತವರಿಗೆ ಸೀರೆ, ಸೈಟು, ಸೋಪು.
ಹಿಂದೆ ನಿಂತವನಿಗೆ ಫ್ಯಾನುಗಳ ಗೊರಕೆ,
ಬಿಸಿ ತಗಡು, ಗುಡಿಸಿದಷ್ಟೂ ಸತ್ತ ರೆಕ್ಕೆಹುಳ,
ಮತ್ತೆ ಮೀಟರು.
ಅದರ ಕೆಂಪು ಚುಕ್ಕೆ ಮಿಟುಕುವುದನ್ನು ಎಣಿಸುತ್ತ ಕೂರುತ್ತೇನೆ
ನಾಡಿ ಹಿಡಿದ ನಾಟಿ ವೈದ್ಯನ ಹಾಗೆ.

ಎಣಿಸೆಣಿಸಿ ಗೊತ್ತಾದದ್ದು:
ಬಿಳಿ ಹೊಟ್ಟೆಬಾಕ.
ಸೋಪಿನ ನೊರೆ ಪರದೆ ತುಂಬಿದಾಗ
ಚುಕ್ಕೆ ಓಡುತ್ತದೆ, ಏದುಸಿರು.
ಒಡವೆಯಂಗಡಿಯದು ಬಂದಾಗ, ಕಪ್ಪು ಮಖಮಲ್ಲಿನ ಮೇಲೆ
ಒಂದೇ ಜೋಡಿ ಓಲೆ,
ಊಟವಾದ ಮೇಲಿನ ನಡಿಗೆಯಷ್ಟು ನಿಧಾನ.
ಕಪ್ಪಿಗೆ ಕರೆಂಟು ಬೇಡ.
ಕಪ್ಪು ಅಂದರೆ ಅಲ್ಲಿ
ದೀಪಗಳು ಸುಮ್ಮನಿವೆ, ಅಷ್ಟೆ.

ಆಷಾಢದ ಒಂದು ರಾತ್ರಿ, ಗಾಳಿಗೆ ಏಣಿ ಅಲ್ಲಾಡುತ್ತಿರುವಾಗ,
ಯಾರನ್ನೂ ಕೇಳದೆ ನೂರನ್ನು ಎಂಬತ್ತಕ್ಕೆ ತಂದೆ.
ಲಾರಿಗಳು ನಿಂತವು, ಹೊರಟವು.
ಮರುವಾರ ಅರವತ್ತು. ಸೀರೆ ಸೀರೆಯೇ ಆಗಿತ್ತು,
ಸೆರಗಿನ ಜರಿ ಈಗಲೇ ಚೆನ್ನಾಗಿ ಕಂಡಿತು.
ತಿಂಗಳು ಕಳೆಯುವಾಗ ಇಪ್ಪತ್ತೈದು.
ಬೆಳಕು ಕಳೆದುಹೋಯಿತೆಂದು
ಠಾಣೆಗೆ ಹೋದವರಿಲ್ಲ.
ಎದುರು ಕಟ್ಟಡದ ಎರಡನೇ ಮಹಡಿಯಲ್ಲಿ
ಕಿಟಕಿಗೆ ಮೊಳೆ ಹೊಡೆದಿದ್ದ ಸಿಮೆಂಟುಚೀಲವನ್ನು ಯಾರೋ ಬಿಚ್ಚಿದರು.
ಒಂದು ಕೈ ಹೊರಬಂದು, ಗಾಳಿ ಇದೆಯೇ ಎಂದು ನೋಡಿ,
ಒಳಗೆ ಹೋಯಿತು.

ದೂರು ಬಂದದ್ದು ಕೆಳಗಿನಿಂದ.
ಬೆಳಗಿನ ಹೂವನ್ನು ರಾತ್ರಿಯೇ ಕಟ್ಟಿಡುವ ಪಿಳ್ಳಮ್ಮ,
ಕಂಬದ ಬುಡದಲ್ಲಿ, ಒದ್ದೆ ಗೋಣಿಯ ಮೇಲೆ:
"ಲೋ ಸಂಪಂಗಿ, ಕಾಕಡ ಯಾವುದು, ಮರಗ ಯಾವುದು
ಒಂದೂ ಕಾಣಾಕಿಲ್ಲ.
ನಿನ್ನ ಸೋಪಿನ ಹುಡುಗಿ ಬೆಳಕಲ್ಲಿ
ಹತ್ತು ಮೊಳ ಜಾಸ್ತಿ ಕಟ್ತಿದ್ದೆ ಕಣಪ್ಪಾ."

ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ.
ಎಂಟುನೂರು ಚದರಡಿ ಉರಿದದ್ದರಲ್ಲಿ
ಒಂದು ಬುಟ್ಟಿಯಗಲ
ಕೆಲಸಕ್ಕೆ ಬಂದಿತ್ತು.

ಮರುದಿನ ಒಂಬತ್ತು ವ್ಯಾಟಿನ ಬಲ್ಬು ತಂದು
ಅವಳ ತಲೆಯೆತ್ತರಕ್ಕೆ ಕಟ್ಟಿದೆ.
ಪಿಳ್ಳಮ್ಮ ದಾರ ಹಲ್ಲಲ್ಲಿ ಕಚ್ಚಿಕೊಂಡೇ ನೋಡಿದಳು.
"ಹುಳ ಬರ್ತಾವೆ. ಇನ್ನೊಂದು ಗೇಣು ಮ್ಯಾಕೆ ಕಟ್ಟು."
ಕಟ್ಟಿದೆ.

ಬಿಲ್ಲು ಅರ್ಧಕ್ಕೂ ಕೆಳಗೆ ಇಳಿದಾಗ ಸಾಹೇಬರಿಗೆ ಗಾಬರಿ.
"ಮೀಟರು ಕೆಟ್ಟಿರಬೇಕು, ಹೋಗಿ ನೋಡೋ."
ಹತ್ತಿದೆ. ನೋಡಿದೆ. ಇಳಿದೆ.
"ಸರಿಯಾಗಿದೆ ಸಾರ್" ಅಂದೆ.
ಮೀಟರಿನ ವಿಷಯ ಅಷ್ಟೇ ಕೇಳಿದ್ದು,
ಅಷ್ಟೇ ಹೇಳಿದೆ.

ರಾತ್ರಿ ಒಂದಕ್ಕೆ ಬುಟ್ಟಿಗೆ ಬಾಳೆಲೆ ಮುಚ್ಚಿ
ಪಿಳ್ಳಮ್ಮ ಸೊಂಟ ನೀವಿಕೊಂಡು ಏಳುತ್ತಾಳೆ.
"ನಾ ಹೊಂಟೆ ಕಣಪ್ಪ.
ದೀಪ ದೊಡ್ಡದು ಮಾಡ್ಕೋ."

ಬಲ್ಬು ಆಯಿತು. ಆಮೇಲೆ ಪರದೆಯದೂ.
ಒಂದರಿಂದ ಐದರವರೆಗೆ ಯಾವ ಪಾರ್ಟಿಯೂ ದುಡ್ಡು ಕಟ್ಟಿಲ್ಲ,
ಕರಾರುಪತ್ರ ಓದಿದ್ದೇನೆ.
ಫ್ಯಾನುಗಳು ಒಂದೊಂದಾಗಿ ನಿಂತವು.
ಪೀಣ್ಯದ ಕಡೆ ಎಲ್ಲೋ ಒಂದು ನಾಯಿ ಬೊಗಳಿತು.
ಇಷ್ಟು ದಿನ
ಅದು ಅಲ್ಲೇ ಇತ್ತೆ?