ಕೂಡುದಲ್, ಕುರವ್

ಮುಳ್ಳೇರಿಯದ ಮೊದಲ ಬಸ್ಸಿಗೆ ಬಂದರೂ
ಟೋಕನ್ ಹದಿನೇಳು.
ನರದ್ದಕ್ಕೂ ಮನಸ್ಸಿನದ್ದಕ್ಕೂ ಬುಧವಾರ ಒಂದೇ ಬೆಂಚು,
ಬಾಗಿಲು ಎರಡು.
ಬೋರ್ಡು ಮಲಯಾಳದಲ್ಲಿ. ನನಗೆ ಓದಲು ಬರುವುದು
ಬಾಣದ ಗುರುತು ಮಾತ್ರ.

ಅಣ್ಣ ಚನಿಯಪ್ಪ ಗೋಡೆಗೆ ಕಿವಿ ಕೊಟ್ಟಿದ್ದಾನೆ.
ಒಳಗೆ ಯಾರೋ ಅವನ ಲೆಕ್ಕ ಓದುತ್ತಿದ್ದಾರಂತೆ:
ಸೊಸೈಟಿಯ ಬಾಕಿ, ಏಳನೇ ಕ್ಲಾಸಿನ ಮಾರ್ಕು,
ಅಮ್ಮನಿಗೆ ಹೇಳಿದ ಒಂದೇ ಒಂದು ಸುಳ್ಳು.

ಪಕ್ಕದಲ್ಲಿ ತಳಂಗರೆಯ ಬೀಫಾತುಮ್ಮ.
ನಲವತ್ತು ವರ್ಷ
ಬಿಳಿ ಟೊಪ್ಪಿಗೆ ಬಿಳಿ ನೂಲಿನ ಹೂ ಹಾಕಿದ ಕೈ
ಈಗ ತೊಡೆಯ ಮೇಲೆ
ಕಾಣದ ಗುಳಿಗೆಯೊಂದನ್ನು ಉರುಟುತ್ತಲೇ ಉಂಟು.
‘ನಿಲ್ಲು ಅಂದರೆ ನಿಲ್ಲುವುದಿಲ್ಲ ಮೋಳೇ,
ಬೈದರೆ ಇನ್ನೂ ಜಾಸ್ತಿ.’

ಡಾಕ್ಟರು ಚೀಟಿಯ ಬೆನ್ನಿಗೆ ಒಂದು ತಲೆ ಬರೆದರು,
ತಲೆಯ ನಡುವೆ ಕಪ್ಪು ಚುಕ್ಕಿ,
ಅಲ್ಲಿಂದ ಒಸರುವ ರಸಕ್ಕೊಂದು ಹೆಸರು.
ಊರು ಮುಟ್ಟುವ ತನಕ ಅದನ್ನು ಬಾಯಲ್ಲಿ ಉರುಳಿಸಿದೆ,
ಡೋಪಮೀನು, ಡೋಪಮೀನು,
ಸೈಕಲ್ಲಿನಲ್ಲಿ ಬುಟ್ಟಿ ಕಟ್ಟಿ ಬರುವವನ ಕೂಗಿನ ಹಾಗೆ.
ಅಣ್ಣನಿಗೆ ಅದು ಕೂಡುದಲ್. ಬೀಫಾತುಮ್ಮನಿಗೆ ಕುರವ್.
‘ಇವನದ್ದು ಒಂದು ಪಾವು ಅಳೆದು
ಅವರಿಗೆ ಹೊಯ್ದರೆ ಆಗದಾ ಡಾಕ್ಟ್ರೇ?’
ನಗಲಿಲ್ಲ ಅವರು.
‘ಹೆಚ್ಚು ಕಡಿಮೆ ಅದನ್ನೇ ಮಾಡ್ತಿರುವುದು’ ಅಂದರು.

ಓಣಂ ರಜೆ ಕಳೆದು ಮತ್ತೆ ಅದೇ ಬೆಂಚು.
ಬೀಫಾತುಮ್ಮನ ಕೈ ನಿಂತಿದೆ!
ಚೀಲದಿಂದ ಟೊಪ್ಪಿ ತೆಗೆದು ತೋರಿಸಿದರು,
ಸಾಸಿವೆಗಿಂತ ಸಣ್ಣ ಹೊಲಿಗೆ.
ಆಮೇಲೆ ದಿಂಬಿನ ಚೀಲ ತೆಗೆದರು, ಅದಕ್ಕೂ ಹೂ.
ಕಿಟಕಿಯ ಪರದೆ, ಕೈವಸ್ತ್ರ, ಅಕ್ಕಿಯ ಗೋಣಿ,
ಕೊನೆಗೆ ಮದ್ದಿನ ಚೀಟಿ, ನಾಲ್ಕೂ ಅಂಚಿಗೆ ಸೂಜಿ ಓಡಿದೆ.
‘ಮೂರು ಗಂಟೆ ರಾತ್ರಿಗೆ ಎದ್ದು ಹೊಲೀತೇನೆ,
ಬಿಚ್ಚುತ್ತೇನೆ, ಪುನಃ ಹೊಲೀತೇನೆ.
ಮೊದಲು ಕೈ ನಿಲ್ಲುತ್ತಿರಲಿಲ್ಲ. ಈಗ ನಾನೇ.’
ಸ್ವರ ತಗ್ಗಿಸಿದರು:
‘ಬಾವಿಕಟ್ಟೆಯಲ್ಲಿ ಮಕ್ಕಳು ಕೂತಿರುತ್ತವೆ. ಆರೋ ಏಳೋ.
ಇಲ್ಲ ಅಂತ ಗೊತ್ತುಂಟು.
ಆದರೂ ಎಲ್ಲ ಬರಿದಲೆ.’

ಅಣ್ಣನ ಗೋಡೆಯೊಳಗೆ ಓದುವವರು
ಲೆಕ್ಕದ ಪುಸ್ತಕ ಮುಚ್ಚಿ ಹೋಗಿದ್ದರು.
ಹೋಗುವಾಗ ಮುಖದಿಂದ ಏನೇನು ಹೊತ್ತುಕೊಂಡು ಹೋದರೋ,
ಸುಣ್ಣ ಬಳಿದ ಹಾಗೆ ಕೂತಿದ್ದ.
ಕ್ಯಾಂಟೀನಿನ ಚಹಾ ಕೊಟ್ಟೆ. ಸಾಸರಿನ ಮೇಲೆ ಗ್ಲಾಸು
ಕಿಣಿಕಿಣಿ ಕಿಣಿಕಿಣಿ,
ಕೆಳಗಿಟ್ಟ ಮೇಲೂ ಹೆಬ್ಬೆರಳು ತೋರುಬೆರಳಿಗೆ ಉಜ್ಜಿ
ಏನನ್ನೋ ಉರುಟುತ್ತಿತ್ತು.
ಬೀಫಾತುಮ್ಮ ನೋಡಿದರು. ಬಹಳ ಹೊತ್ತು ನೋಡಿದರು.
‘ಅಲ್ಲಾಹ್, ಇದು ನನ್ನ ಕೈಯಲ್ಲವಾ?’

ಕಳೆದುಹೋದ ಕೊಡೆಯನ್ನು ಇನ್ನೊಬ್ಬರಲ್ಲಿ ಕಂಡವರ ಹಾಗೆ
ಸೆರಗಿನ ತುದಿಯಿಂದ ಅದನ್ನು ಮುಚ್ಚಿದರು.

ಆಗ ಅಣ್ಣ ಮಾತಾಡಿದ,
ಮನೆಯಲ್ಲಿ ಉಪ್ಪು ಬೇಕಾದರೂ ಕೇಳದ ನನ್ನ ಅಣ್ಣ:
‘ಆ ಮಕ್ಕಳು ಹೆಸರು ಹಿಡಿದು ಕರೀತಾವಾ?’
‘ಇಲ್ಲ ಮೋನೇ. ಸುಮ್ಮನೆ ಕೂರ್ತವೆ.’
‘ನಿಮ್ಮ ಬಗ್ಗೆ ತಮ್ಮತಮ್ಮೊಳಗೆ ಮಾತಾಡ್ತಾವಾ?’
‘ಇಲ್ಲ.’
ಯೋಚಿಸಿದ. ಈ ಕೆಲಸ ಹದಿನಾಲ್ಕು ವರ್ಷ ಮಾಡಿದವನು.
‘ಹಾಗಾದರೆ ತೊಂದರೆ ಇಲ್ಲ.
ಟೊಪ್ಪಿ ಬೇಕಾದರೆ ಕೊಡಿ. ಉತ್ತರ ಮಾತ್ರ ಕೊಡಬೇಡಿ.’

ಇಬ್ಬರಿಗೂ ಮದ್ದು ಅರ್ಧಕ್ಕೆ ಇಳಿಯಿತು.
ಅವರ ಕೈ ಈಗ ಸಂಜೆ ಹೊತ್ತಿಗೆ ಅಷ್ಟಿಷ್ಟು ನಡುಗುತ್ತದಂತೆ,
ಬಾವಿಕಟ್ಟೆಯಲ್ಲಿ ಒಬ್ಬನೇ ಉಳಿದಿದ್ದಾನಂತೆ, ಸಣ್ಣವನು.
ಡಾಕ್ಟರಿಗೆ ಹೇಳಿಲ್ಲ ಅವರು. ನಾನೂ ಹೇಳಲಿಲ್ಲ.

ಮನೆಯಲ್ಲಿ ಹಳೆ ಪೇಪರು ಹಾಸಿ
ಬ್ಲೇಡಿನಲ್ಲಿ ಗುಳಿಗೆ ಸೀಳುತ್ತೇನೆ.
ಸರಿ ಅರ್ಧ ಯಾವ ದಿನವೂ ಆಗುವುದಿಲ್ಲ.
ಅಲಗಿಗೆ ಅಂಟಿದ ಬಿಳಿ ಪುಡಿಯನ್ನು
ಊದಿಬಿಡುವುದೋ,
ಅವನ ನಾಲಿಗೆಗೆ ಹಚ್ಚುವುದೋ,
ಚಾವಡಿಯಲ್ಲಿ ಗ್ಲಾಸಿನ ಸದ್ದು ಕೇಳುತ್ತ
ಒಂದು ಗಳಿಗೆ ನಿಲ್ಲುತ್ತೇನೆ.