ಗಾದಿ ಒಂದು ಬಾಕಿ

ಫಾರ್ಮಿನ್ಯಾಗ ಕೇಳಿದ್ರು: ಹೆಸರು, ವಿಳಾಸ, ರಕ್ತದ ಗುಂಪು,
ನಿಮಗೆ ಏನು ಬರುತ್ತದೆ?

ಶಂಭುಲಿಂಗ ಐಲಿ, ಬರದೆ.
ತೆಂಗಿನಕಾಯಿ ಬಜಾರದ ಹಿಂದಿನ ಓಣಿ, ಬರದೆ.
ರಕ್ತ ಯಾವುದೋ. ಕೆಂಪು ಇರಬೇಕು.
ಏನು ಬರತೈತಿ ಅಂದ್ರ,
ಅಜ್ಜನ ಮಗ್ಗ ಬರಂಗಿಲ್ಲ, ಅಪ್ಪನ ಲೆಕ್ಕಾ ಬರಂಗಿಲ್ಲ,
ಪ್ರೆಸ್ಸಿನ್ಯಾಗ ಲಗ್ನಪತ್ರ ಮಡಚೂದು ಬರತೈತಿ,
ತಾಸಿಗೆ ನಾಕನೂರು.

ವಿಠ್ಠಲಸಾ ಚಾಳೀಸಿನ ಮ್ಯಾಲಿಂದ ನೋಡಿದ.
"ಸಾಕು. ಮಡಚೂ ಮಂದೀನ ಕಡಿಮಿ ಇಲ್ಲೆ."

ಖರೇ ಹೇಳಬೇಕಂದ್ರ ನಾ ಸೇರಿದ್ದು ಅಂಗಿ ಸಲುವಾಗಿ.
ನೀಲಿ ಟೀ ಶರ್ಟು, ಬೆನ್ನ ಮ್ಯಾಲ ಕಮಾನಿನಂಗ
'ಬನ್ನಿಕಟ್ಟಿ ತರುಣ ಸಂಘ, ಬೆಟಗೇರಿ'.
ದಾವಲ ಅದನ್ನ ತೊಟಗೊಂಡು ಹೊಂಟ್ರ
ಪೊಲೀಸನೂ 'ಏನ್ರಿ' ಅಂತಿದ್ದ.
ನನ್ನ ಇಲ್ಲೀತನಕ ಎಲ್ಲಾರೂ ಕರದಿದ್ದು
ಒಂದ ಅಕ್ಷರದಾಗ: ಲೇ.

ಸಂಘ ಅಂದ್ರ ಒಂದ ಖೋಲಿ.
ಮೊದಲು ಕುಣಿಮಗ್ಗ ಇದ್ದ ಖೋಲಿ;
ಕುಣಿಗೆ ಹಲಗಿ ಮುಚ್ಚಿ
ಹಲಗಿ ಮ್ಯಾಲ ಕೇರಂ ಇಟ್ಟಾರ.
ಸ್ಟ್ರೈಕರ್ ಬಡದಾಗೊಮ್ಮೆ ತೆಳಗಿಂದ ಟೊಳ್ಳು ದನಿ ಏಳತೈತಿ,
ಯಾರೋ ಇನ್ನೂ ಕಾಲ ಇಳಿಬಿಟ್ಟು ಕುಂತು
ಮಗ್ಗ ತುಳದಂಗ.

ಗ್ವಾಡಿಗುಂಟ ಊರ ಮಂದಿಯ ಬ್ಯಾನಿ ಒರಗಿ ನಿಂತಾವು:
ಬಗಲುಕೋಲು, ಸೊಟ್ಟ ಗಾಲಿಯ ಗಾಲಿಕುರ್ಚಿ,
ಸಲಾಯಿನ್ ತೂಗುಹಾಕೂ ಕಬ್ಬಿಣದ ಕಂಬ
(ಅದರ ಮ್ಯಾಲ ಯಾರದೋ ಟವೆಲ್ಲು ಒಣಗಾಕತ್ತೈತಿ).
ಬೇಕಾದವರು ಒಯ್ಯಬೇಕು.
ಬಾಡಿಗಿ ಇಲ್ಲ, ಚೀಟಿ ಇಲ್ಲ, ಜಾತಿ ಕೇಳಂಗಿಲ್ಲ.
ಮುಗದ ಮ್ಯಾಲ ತಿರುಗಿ ತಂದಿಡಬೇಕು.
ಏನು ಮುಗದ ಮ್ಯಾಲ,
ಅದನ್ನ ಯಾರೂ ಬಿಡಿಸಿ ಹೇಳಂಗಿಲ್ಲ.

ಮೊದಲನೇ ಐತವಾರ ದಾವಲಗೂ ನನಗೂ ಕೈಗಾಡಿ ಕೊಟ್ರು.
ಹೆಲ್ತ್ ಕ್ಯಾಂಪಿನ ಹಿಂದ ಒಂದು ಮನಿ, ವಾಕರ್ ತರಬೇಕು.
ಸತ್ತಾರಂತ ತಿಳದು
ದಾರಿ ತುಂಬ ಮಾರಿ ಸಣ್ಣದು ಮಾಡಕೊಂತ ಹೋದೆ.
ಬಾಗಲಾ ತಗದಾಕಿನ ಆ ಮುದುಕಿ. ನೆಟ್ಟಗ ನಿಂತಾಳ!
"ಒಯ್ರಿ ಮಾರಾಯ್ರ ಇದನ್ನ, ಜೀವಾ ತಿಂದೈತಿ.
ಬಚ್ಚಲಕ್ಕ ಹೊಂಟ್ರೂ ನನಗಿಂತ ಮುಂದ ಇದ."
ಒಗ್ಗರಣಿ ಅವಲಕ್ಕಿ ಕೊಟ್ಟಳು, ಮ್ಯಾಲ ಮಿರ್ಚಿ.
ಮಾಡಕೊಂಡು ಹೋದ ಮಾರಿ ಎಲ್ಲಿಡಬೇಕು
ತಿಳೀಲಿಲ್ಲ ನನಗ.

ಸಂಜೀಕ ವಿಠ್ಠಲಸಾ ರಜಿಸ್ಟರ್ ಸರಿಸಿದ:
"ವಾಕರ್ ಜಮಾ ಅಂತ ಬರಿ. ನಿನ್ನ ಅಕ್ಷರ ಛಲೋ ಅದಾವು."
ಬರದೆ.
ಆಮ್ಯಾಲ ಹಾಳಿ ಹಿಂದಕ್ಕ ಯಾಕ ತಿರುವಿದೆ, ಗೊತ್ತಿಲ್ಲ.
ಮೂರು ವರ್ಷದ ಹಿಂದ, ಶ್ರಾವಣದಾಗ,
ಶಾಯಿ ಮಾಸಿದ ಒಂದು ಸಾಲು:

ರುದ್ರಪ್ಪ ಐಲಿ. ಕಬ್ಬಿಣದ ಮಂಚ ೧, ಗಾದಿ ೧.
ಮಂಚ ಜಮಾ. ಗಾದಿ ಬಾಕಿ.

ಐದು ತಿಂಗಳು ನಮ್ಮ ಪಡಸಾಲ್ಯಾಗಿತ್ತು ಆ ಮಂಚ.
ಯಾರದು, ಯಾರು ಹೊತ್ತ ತಂದ್ರು, ನಾ ಕೇಳಲಿಲ್ಲ.
ಮನಿಗೆ ಬಂದದ್ದು ಮನೀದ ಅಂತ ತಿಳದಿದ್ದೆ.
ಅದರ ಸರಳಿಗೆ ಬಳಿ ಬಡದು ಅವ್ವ ನೀರು ಕೇಳತಿದ್ದಳು;
ಕಡೀಕ ಬಳಿ ಸಡಲಿ ಮೊಳಕೈಗೆ ಜಾರಿದ್ವು,
ಬೆರಳಲೇ ಬಡೀತಿದ್ದಳು, ಸಪ್ಪಳ ಬರತಿದ್ದಿಲ್ಲ.
ಮಂಚ ಒಯ್ಯಾಕ ಬಂದವರ ಬೆನ್ನು ನೆನಪೈತಿ.
ನೀಲಿ ಇದ್ದವೇನು?

ಗಾದಿ ಎಲ್ಲೈತಿ ನನಗ ಗೊತ್ತೈತಿ.
ಅಪ್ಪ ಈಗೂ ಅದರ ಮ್ಯಾಲ ಮಲಗತಾನ,
ಗ್ವಾಡಿ ಕಡೆ ಸರದು,
ಇನ್ನೊಬ್ಬರಿಗೆ ಆಗೂವಷ್ಟು ಜಾಗಾ ಬಿಟ್ಟು.

ಕಿಸೆ ಮುಟ್ಟಿಕೊಂಡೆ. ನೂರಾ ಹತ್ತು ಇತ್ತು.
ನನ್ನ ಬೆರಳು ನಿಂತಲ್ಲಿ ವಿಠ್ಠಲಸಾ ಬಗ್ಗಿ ನೋಡಿದ,
ಚಾಳೀಸು ತಗದು ಒರಸಿದ.
"ಅದು ಹಂಗ ಇರಲಿ," ಅಂದ. "ಎಲ್ಲಾ ಬಾಕಿ ವಸೂಲಿ ಮಾಡಾಕ
ನಾವೇನು ಬ್ಯಾಂಕೇನು?"
ಫಾರ್ಮಿನ ಮ್ಯಾಲ ನನ್ನ ಅಡ್ಡಹೆಸರು ಓದಿದ ದಿನಾನ
ಅವಂಗ ಗೊತ್ತಿತ್ತೇನೋ. ನಾ ಕೇಳಲಿಲ್ಲ.

ಹಲಗಿ ಕಡಿಂದ ದಾವಲ ಒದರಿದ:
"ಲೇ, ಬಾರಲೇ, ರಾಣಿ ಹಂಗ ಉಳದೈತಿ!"
ಎದ್ದೆ.

ಅಂಗಿ ಇನ್ನೂ ಬಂದಿಲ್ಲ. ಮುಂದಿನ ತಿಂಗಳಂತ.
ರಕ್ತ ಬಿ ಪಾಸಿಟಿವ್,
ಮಂಗಳವಾರ ಗೊತ್ತಾತು.